ಬೋರಮ್ಮನ ಸಾಕ್ಷಿ

ಸೌಮ್ಯಳಿಗೆ ತಾಯಿಯ ಮುಖ ನೆನಪಿರಲಿಲ್ಲ. ಬೋರಮ್ಮ ಜ್ವರ ಬಂದು ತೀರಿಹೋದಾಗ ಅವಳಿನ್ನೂ ಸೆರಗು ಹಿಡಿದು ನಡೆಯುವ ಕೂಸು. ಮನೆಯಲ್ಲಿದ್ದ ಮದುವೆ ಫೋಟೋದಲ್ಲಿ ಬೋರಮ್ಮ ತಲೆ ತಗ್ಗಿಸಿ ಕೂತಿದ್ದಳು. ಬಾಸಿಂಗ, ಮೂಗಿನ ತುದಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಆದರೆ ತಾಯಿ ಎಲ್ಲೋ ದೂರದಲ್ಲಿ ಇನ್ನೂ ನಡೆದಾಡುತ್ತಾಳೆ, ಮಾತಾಡುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪ ಹನುಮಂತಯ್ಯ ಹೇಳುತ್ತಿದ್ದ ಸಂಗತಿ ಅದು. ಎಂಬತ್ತರ ದಶಕದಲ್ಲಿ ಜರ್ಮನಿಯ ಒಂದು ಟೀವಿ ತಂಡ ರಾಮನಗರಕ್ಕೆ ಬಂದಿತ್ತು. ವಕೀಲನೊಬ್ಬ ಕೊಲೆಗಳ ಗುಟ್ಟು ಬಿಡಿಸುವ ಧಾರಾವಾಹಿ ಅವರದು. ಅವರ ದೇಶದಲ್ಲಿ ಮನೆಮನೆಯಲ್ಲೂ ನೋಡುತ್ತಿದ್ದರಂತೆ. ವರ್ಷಗಟ್ಟಲೆ ತನ್ನೂರಿನ ಕೋರ್ಟು ಬಿಟ್ಟು ಕದಲದ ಆ ವಕೀಲ ಅದೊಂದು ಕಂತಿನಲ್ಲಿ ಮಾತ್ರ ಇಂಡಿಯಾಕ್ಕೆ ಬರುತ್ತಾನೆ. ರೇಷ್ಮೆ ಕೊಳ್ಳಲು ಬಂದ ಅವರ ಕಡೆಯ ವ್ಯಾಪಾರಿಯ ಮೇಲೆ ಇಲ್ಲಿ ಕೊಲೆಯ ಆರೋಪ, ಅವನನ್ನು ಬಿಡಿಸಬೇಕು. ಅದಕ್ಕಾಗಿ ಬೆಟ್ಟದ ಬುಡದ ಹಳೆಯ ಬಂಗಲೆಯೊಂದನ್ನು ಕೋರ್ಟಿನಂತೆ ಸಜ್ಜು ಮಾಡಿದ್ದರು. ಕೊಲೆಯನ್ನು ಕಣ್ಣಾರೆ ಕಂಡ ಹಳ್ಳಿ ಹೆಂಗಸಿನ ಪಾತ್ರಕ್ಕೆ ಬೆಂಗಳೂರಿಂದ ಕರೆತಂದ ನಟಿ ಡೈರೆಕ್ಟರಿಗೆ ಹಿಡಿಸಲಿಲ್ಲ. ರೇಷ್ಮೆಗೂಡು ಮಾರಿ, ಶೂಟಿಂಗ್ ನೋಡಲು ಗಂಡನೊಂದಿಗೆ ನಿಂತಿದ್ದ ಬೋರಮ್ಮ ಅವನ ಕಣ್ಣಿಗೆ ಬಿದ್ದಳು. ಒಂದು ಮಧ್ಯಾಹ್ನ ಅವಳು ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳಿದಳು. ತಂಡ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಆ ಕಂತು ಈ ಕಡೆಯ ಯಾವ ಟೀವಿಯಲ್ಲೂ ಬರಲಿಲ್ಲ.

ಚಿಕ್ಕವಳಿದ್ದಾಗ ಸೌಮ್ಯ ಯಾರ ಮನೆಯ ಟೀವಿ ಕಂಡರೂ ಮುಂದೆ ಹೋಗಿ ಕೂರುತ್ತಿದ್ದಳು. ಯಾವುದಾದರೂ ಕೋರ್ಟಿನ ದೃಶ್ಯ ಬಂದರೆ ಪರದೆಗೆ ಇನ್ನೂ ಹತ್ತಿರ ಸರಿಯುತ್ತಿದ್ದಳು. ಬೆಳೆದ ಮೇಲೆ ಆ ಆಸೆಯನ್ನು ಯಾರೆದುರೂ ಹೇಳಿಕೊಳ್ಳಲಿಲ್ಲ. ಊರಿನವರು ಹನುಮಂತಯ್ಯನ ಕಥೆ ಕೇಳಿ ನಗುತ್ತಿದ್ದರು.

ಪಿಯುಸಿ ಮುಗಿದು ಕೆಲವು ವರ್ಷಕ್ಕೆ ಅವಳಿಗೆ ಹಾರೋಹಳ್ಳಿಯಲ್ಲಿ ಕೆಲಸ ಸಿಕ್ಕಿತು. ಹಿಪ್ಪುನೇರಳೆ ತೋಟಗಳ ನಡುವೆ ಕಂಪನಿ ಬಸ್ಸುಗಳು ಓಡಾಡತೊಡಗಿದ್ದ ಕಾಲ. ಕೆಂಗಲ್ಲಿನ ಹತ್ತಿರದ ಅವರ ಹಳ್ಳಿಯಿಂದಲೂ ಹುಡುಗಿಯರು ಬೆಳಗಾಗುತ್ತಲೇ ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತಿದ್ದರು. ಸೌಮ್ಯಳ ಕಾರ್ಖಾನೆಗೆ ಹೊಸ ಯಂತ್ರ ಬಂತು. ಅದನ್ನು ಕೂರಿಸಲು ವೆರ್ನರ್ ಎಂಬ ನರೆತ ಕೂದಲಿನ ಜರ್ಮನ್ ತಂತ್ರಜ್ಞನೂ ಬಂದ.

ಅವನ ದೇಶದ ಹೆಸರು ಕೇಳಿದಾಗಿನಿಂದ ಸೌಮ್ಯಳಿಗೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಕೊನೆಗೆ ಅವನು ಹೊರಡುವ ಹಿಂದಿನ ದಿನ, ಸೂಪರ್‌ವೈಸರ್ ಜಯಕುಮಾರನ ಬಳಿ ಹೋಗಿ ಎಲ್ಲವನ್ನೂ ಹೇಳಿ, ಒಂದು ಮಾತು ಕೇಳಿಕೊಡಿ ಎಂದಳು. ಜಯಕುಮಾರ ಅವಳನ್ನು ವಿಚಿತ್ರವಾಗಿ ನೋಡಿದರೂ ಕ್ಯಾಂಟೀನಿಗೆ ಕರೆದೊಯ್ದ. ಅವನು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಂತೆ ವೆರ್ನರ್ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. ತನ್ನ ತಾಯಿ ಆ ಧಾರಾವಾಹಿಯ ಒಂದು ಕಂತನ್ನೂ ತಪ್ಪಿಸುತ್ತಿರಲಿಲ್ಲ ಎಂದ. ಇಂಡಿಯಾದ ಕಂತು ಅವನಿಗೂ ನೆನಪಿತ್ತು. ದೊಡ್ಡ ದೊಡ್ಡ ಬಂಡೆಗಳು, ಬಿಸಿಲು. ಹುಡುಕುತ್ತೇನೆ, ಆದರೆ ಭರವಸೆ ಕೊಡಲಾರೆ ಎಂದು ಹೇಳಿ ಹೊರಟುಹೋದ.

ಮಳೆಗಾಲ ಮುಗಿಯಿತು. ಜಯಕುಮಾರ ಎದುರಾದಾಗಲೆಲ್ಲ ಸೌಮ್ಯ ಅವನ ಮುಖ ನೋಡುವಳು, ಅವನು ತಲೆಯಾಡಿಸುವನು. ಅಪ್ಪನಿಗೆ ಅವಳು ಏನೂ ಹೇಳಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಜಯಕುಮಾರ ತಲೆಯಾಡಿಸಲಿಲ್ಲ. ಜೇಬಿನಿಂದ ವೆರ್ನರ್ ಕಳಿಸಿದ್ದ ಒಂದು ಸಿಡಿ ತೆಗೆದು ಅವಳ ಕೈಗಿತ್ತ.

ಅಂದು ರಾತ್ರಿ ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಭಾನುವಾರ ತಂದೆ ಮಗಳು ರಾಮನಗರದ ಮುನಾವರನ ಸಿಡಿ ಅಂಗಡಿಗೆ ಹೋದರು. ಮುನಾವರನ ಮನೆಯವರು ಹಿಂದೆ ಗೂಡಿನಿಂದ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಹನುಮಂತಯ್ಯನ ಗೂಡನ್ನು ಎಷ್ಟೋ ಸಲ ಅವರೇ ಕೊಂಡಿದ್ದರು. ಹನುಮಂತಯ್ಯ ಇಸ್ತ್ರಿ ಹಾಕಿಸಿದ ಅಂಗಿ ತೊಟ್ಟು ಬಂದಿದ್ದ. ಮುನಾವರ್ ಎರಡು ಸ್ಟೂಲು ಹಾಕಿ, ಗಿರಾಕಿಗಳು ಬರದಂತೆ ಷಟರನ್ನು ಅರ್ಧ ಎಳೆದ.

ಟೀವಿಯಲ್ಲಿ ಬೆಟ್ಟ ಬಂತು, ರೈಲ್ವೆ ಸ್ಟೇಷನ್ ಬಂತು. ಕಪ್ಪು ಕೋಟಿನ ವಕೀಲ ಬೆವರು ಒರೆಸಿಕೊಳ್ಳುತ್ತ ಜಟಕಾ ಹತ್ತಿದ. ಆಮೇಲೆ ಕೋರ್ಟು. ಒಂದು ಬಾಗಿಲು ತೆರೆದು, ಹಸಿರು ಸೀರೆಯ ಎತ್ತರದ ಹೆಂಗಸೊಬ್ಬಳು ಬಿರಬಿರನೆ ಒಳಗೆ ನಡೆದು ಬಂದಳು.

ಹನುಮಂತಯ್ಯ ಏನೂ ಹೇಳಬೇಕಾಗಿರಲಿಲ್ಲ. ಅವಳ ನಡಿಗೆ ಸೌಮ್ಯಳದೇ ಆಗಿತ್ತು. ಆದರೆ ಅಷ್ಟು ಎಳೆಯ ಮುಖವನ್ನು ಅವಳು ನಿರೀಕ್ಷಿಸಿರಲಿಲ್ಲ. ಅವ್ವ ತನಗಿಂತ ಚಿಕ್ಕವಳಾಗಿದ್ದಳು.

ಬೋರಮ್ಮ ಕಟಕಟೆ ಹಿಡಿದು ಬಾಯಿ ತೆರೆದಳು. ಹೊರಬಂದದ್ದು ಜರ್ಮನ್ ಭಾಷೆ, ಯಾರೋ ವಯಸ್ಸಾದ ಹೆಂಗಸಿನ ದಪ್ಪ ಗಂಟಲು.

ಸೌಮ್ಯ ಮೊದಲಿಗೆ ಅರ್ಥವಾಗದೆ ಅಪ್ಪನ ಕಡೆ ತಿರುಗಿದಳು. ಅವಳ ದನಿ ತೆಗೆದು ಅವರ ಕಡೆಯವರದ್ದು ಹಾಕಿದ್ದಾರೆ, ಡಬ್ಬಿಂಗ್ ಎಂದು ಮುನಾವರ್ ಮೆಲ್ಲಗೆ ಹೇಳಿದ. ಇಷ್ಟು ವರ್ಷ ಕಾದದ್ದು ಈ ಗಂಟಲಿಗಾಗಿಯಾ ಎಂದು ಅವಳಿಗೆ ಅಳು ಒತ್ತರಿಸಿ ಬಂತು. ಯಾರೂ ಹೇಳದೆಯೇ ಮುನಾವರ್ ಸೌಂಡ್ ಪೂರ್ತಿ ತಗ್ಗಿಸಿ, ದೃಶ್ಯವನ್ನು ಮತ್ತೆ ಮೊದಲಿಂದ ಹಾಕಿದ.

ಹನುಮಂತಯ್ಯ ಸ್ಟೂಲನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡ. ಅಂದು ಅವನನ್ನು ಹಗ್ಗದ ಆಚೆ ದೂರ ನಿಲ್ಲಿಸಿದ್ದರು, ಹೆಂಡತಿ ಹೇಳಿದ್ದೊಂದೂ ಕೇಳಿಸಿರಲಿಲ್ಲ. ನಿನ್ನ ಭಾಷೆಯಲ್ಲಿ ಬಾಯಿಗೆ ಬಂದದ್ದು ಹೇಳಮ್ಮ, ಆಮೇಲೆ ನಾವು ಸರಿಮಾಡಿಕೊಳ್ಳುತ್ತೇವೆ ಎಂದಿದ್ದರಂತೆ. ಏನು ಹೇಳಿದೆ ಎಂದು ಅವನು ಮನೆಯಲ್ಲಿ ಕೇಳಿದಾಗ ಅವಳು ನಕ್ಕುಬಿಟ್ಟಿದ್ದಳು. ಈಗ ಅವಳ ತುಟಿಗಳನ್ನೇ ನೋಡುತ್ತ, ತನ್ನ ತುಟಿಗಳನ್ನೂ ಅಲ್ಲಾಡಿಸಿದ. ಮುನಾವರ್ ಮತ್ತೊಮ್ಮೆ ಹಾಕಿದ. ಇನ್ನೊಮ್ಮೆ.

"ಕೂಸು ಅಳ್ತೈತೆ," ಎಂದ ಹನುಮಂತಯ್ಯ ನಿಧಾನವಾಗಿ. "ಕೂಸು ಅಳ್ತೈತೆ ಸ್ವಾಮಿ, ಹಾಲು ಕುಡಿಸ್ಬೇಕು. ಬೇಗ ಕಳಿಸ್ಬುಡಿ."

ಅವನು ಪರದೆಯ ಕಡೆ ಬೆರಳು ಚಾಚಿದ.

"ವಕೀಲನ್ನ ನೋಡು ಅಂದಿದ್ರು. ನೋಡವ್ವ, ಅವನ ಕಡೆ ನೋಡ್ತಾನೇ ಇಲ್ಲ. ನೀನು ನನ್ನ ಹೆಗಲ ಮೇಲೆ ಒಂದೇ ಸಮ ಅಳ್ತಿದ್ದೆ. ನಿನ್ನೇ ನೋಡ್ತಾವ್ಳೆ."

ಸೌಮ್ಯ ನೋಡಿದಳು. ಪರದೆಯ ಮೇಲಿನ ಹೆಂಗಸಿನ ಕಣ್ಣು ವಕೀಲನ ಭುಜದ ಆಚೆ, ಎಲ್ಲೋ ದೂರದಲ್ಲಿ ನೆಟ್ಟಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದು ಹೋದಳು. ಮತ್ತೆ ಆ ಕಂತಿನಲ್ಲಿ ಬರಲಿಲ್ಲ.

ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಸೌಮ್ಯ ಎಂದೂ ಕೇಳದ್ದನ್ನು ಕೇಳಿದಳು.

"ಅವ್ವನ ದನಿ ಎಂಗಿತ್ತಪ್ಪ?"

ಹನುಮಂತಯ್ಯ ಅವಳಂತೆ ಹೇಳಿ ತೋರಿಸಲು ಎರಡು ಸಲ ಬಾಯಿ ತೆರೆದು, ಆಗದೆ ಬಿಟ್ಟ. "ಮಾಗಡೀಲಿ ನಿನ್ನ ಚಿಕ್ಕವ್ವ ಅವ್ಳೆ, ಲತಾಮಣಿ," ಎಂದ ಕಡೆಗೆ. "ಇಬ್ಬರದೂ ಒಂದೇ ದನಿ. ಒಳಗಿಂದ ಕೂಗಿದ್ರೆ ಯಾರು ಅಂತ ನಂಗೇ ಗೊತ್ತಾಯ್ತಿರ್ಲಿಲ್ಲ."

ಬೋರಮ್ಮ ಸತ್ತಾಗ, ಗಂಡ ಆಸ್ಪತ್ರೆಗೆ ತಡಮಾಡಿ ಸೇರಿಸಿದ ಎಂದು ಅವಳ ತವರಿನವರು ಮಣ್ಣಿನ ದಿನವೇ ಜಗಳ ತೆಗೆದಿದ್ದರು. ಅಂದಿನಿಂದ ಹೋಗಿಬರುವುದು ನಿಂತಿತ್ತು. ಲತಾಮಣಿಯ ಹೆಸರನ್ನೂ ಸೌಮ್ಯ ಕೇಳಿರಲಿಲ್ಲ. ನಾನು ಬರುವುದಿಲ್ಲ, ನೀನು ಹೋಗಿ ಬಾ ಎಂದ ಅಪ್ಪ, ಕೋಟೆಯ ಹಿಂದಿನ ಬೀದಿ, ಗಂಡನ ಹೆಸರು ಬಸವಯ್ಯ ಎಂದಷ್ಟೇ ತಿಳಿಸಿದ.

ಮುಂದಿನ ವಾರದ ರಜೆಗೆ ಅವಳು ಮಾಗಡಿ ಬಸ್ಸು ಹತ್ತಿದಳು. ಬಸವಯ್ಯನ ಮನೆಯನ್ನು ಹೂ ಮಾರುವವಳೊಬ್ಬಳು ತೋರಿಸಿದಳು. ಬಾಗಿಲು ಮುಂದಕ್ಕೆ ಹಾಕಿತ್ತು. ಸೌಮ್ಯ ಚಿಲಕ ಬಡಿದು, ಕೈ ಹಿಂದೆ ತೆಗೆದು, ತಲೆ ಬಗ್ಗಿಸಿಕೊಂಡು ನಿಂತಳು.

"ಯಾರವ್ವ ಅದು? ಬಂದೆ, ಒಸಿ ಇರು," ಎಂದಿತು ಒಳಗಿನಿಂದ ಒಂದು ದನಿ. ತೆಳ್ಳಗಿತ್ತು, ಕೊನೆಯಲ್ಲಿ ಸ್ವಲ್ಪ ನಗು ಸೇರಿದಂತಿತ್ತು.

ಸೌಮ್ಯ ಉತ್ತರ ಕೊಡಲಿಲ್ಲ. ಆ ದನಿ ಇನ್ನೊಂದು ಸಲ ಕೇಳಲಿ ಎಂದು ಉಸಿರು ಬಿಗಿಹಿಡಿದು ಹಾಗೇ ನಿಂತಳು.