ಅಂಗಿಯ ತೋಳು ಯಾಕೆ ಬಿಗಿಯಾಯ್ತು?

ಹೆಗಲಿಗೆ ಚೀಲ ಹಾಕಿಕೊಂಡ ಹೆಂಗಸೊಬ್ಬಳು ಬೀದಿಯ ಆ ತುದಿಯಿಂದ ಕದ ತಟ್ಟುತ್ತ ಬರುತ್ತಿದ್ದಳು. ಏನೋ ಮಾರೋಕೆ ಬಂದಿರಬೇಕು ಅಂದುಕೊಂಡಳು ದರ್ಜಿಯಮ್ಮ, ಹೊಲಿಗೆ ಯಂತ್ರದ ಮುಂದೆ ಕೂತುಕೊಂಡೇ. ಆದರೆ ಆ ಹೆಂಗಸು ಬಸುರಿಯರಿರುವ ಮನೆಗಳಿಗೆ ಮಾತ್ರ ಹೋಗುತ್ತಿದ್ದಳು. ದರ್ಜಿಯಮ್ಮನ ಕಿವಿ ನಿಮಿರಿತು. ಅವಳ ಸೊಸೆಗೂ ಏಳು ತಿಂಗಳು ತುಂಬಿತ್ತು. ಕೊನೆಗೆ ಆ ಹೆಂಗಸು ಅವಳ ಬಾಗಿಲಿಗೂ ಬಂದಳು.

"ಕ್ಲಿನಿಕ್ಕಲ್ಲಿ ಬಸುರಿಯರನ್ನ ಸರಿಯಾಗಿ ನೋಡ್ಕೋತಾರಾ ಅಂತ ವಿಚಾರಿಸೋಕೆ ಬಂದಿದೀನಮ್ಮ. ಆರೋಗ್ಯ ಇಲಾಖೆಯಿಂದ."

"ಅದನ್ನ ಕ್ಲಿನಿಕ್ಕಿಗೇ ಹೋಗಿ ನೋಡ್ಬಹುದಲ್ಲ? ಯಾರು ಏನು ಚಾಡಿ ಹೇಳ್ತಾರೆ ತಿಳ್ಕೊಂಡು ಬಾ ಅಂತ ನರ್ಸಮ್ಮ ಕಳಿಸಿದ್ರಾ?"

ಬಂದವಳು ನಕ್ಕಳು. "ಅಲ್ಲೂ ನೋಡ್ತೀವಿ. ಆದ್ರೆ ನಾವು ಹೋದ ದಿನ ಎಲ್ಲಾ ಪಳಪಳ ಅಂತಿರುತ್ತೆ. ನಿಮ್ಮ ಹೆಸರು ಎಲ್ಲೂ ಬರಲ್ಲಮ್ಮ."

ಹೆಸರು ಬರಲ್ಲವಂತೆ! ಹೀಗೆ ಹೇಳುವವರನ್ನೆಲ್ಲ ನಂಬಿದ್ದರೆ ದರ್ಜಿಯಮ್ಮ ಇಷ್ಟು ಹೊತ್ತಿಗೆ ಹೊಲಿಗೆ ಯಂತ್ರವನ್ನೂ ಕಳೆದುಕೊಂಡಿರುತ್ತಿದ್ದಳು. ಆದರೂ ಒಳಗೆ ಕರೆದಳು. ಹೊರಗೆ ನಿಲ್ಲಿಸಿದರೆ ಪಕ್ಕದ ಮನೆಯವರ ಕಿವಿಗೆ ಬೀಳುತ್ತದಲ್ಲ.

ಸೊಸೆ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು.

"ಹೋದ ವಾರ ಬಿಪಿ ನೋಡಿದ್ರಾ?" ಬಂದವಳು ಕೇಳಿದಳು.

"ನೋಡಿದ್ರು."

"ರಕ್ತ, ಮೂತ್ರ ಪರೀಕ್ಷೆ?"

"ಹೂಂ."

"ಯಾವ ತೊಂದರೆ ಆದ್ರೆ ತಕ್ಷಣ ಬರ್ಬೇಕು ಅಂತ ಹೇಳಿದ್ರಾ?"

"ಎಲ್ಲಾ ಚೆನ್ನಾಗಿ ನೋಡಿದ್ರು."

ಆ 'ಚೆನ್ನಾಗಿ' ದರ್ಜಿಯಮ್ಮನಿಗೆ ಚುಚ್ಚಿತು. ಅಂಗಿ ಹಿಡಿಸದ ಗಿರಾಕಿಗಳೂ ಹೀಗೇ ತಲೆ ತಗ್ಗಿಸಿಕೊಂಡು ಚೆನ್ನಾಗಿದೆ ಅನ್ನುತ್ತಾರೆ, ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅವಳು ಸೊಸೆಯ ಅಂಗಿ ನೋಡಿದಳು. ಕ್ಲಿನಿಕ್ಕಿಗೂ ಅದನ್ನೇ ಹಾಕಿಕೊಂಡು ಹೋಗಿದ್ದಳು.

"ಲೇ, ಬಿಪಿ ಪಟ್ಟಿ ಎಲ್ಲಿಗೆ ಕಟ್ಟಿದ್ರೇ?"

"ತೋಳಿಗೆ, ಅತ್ತೆ."

"ಈ ಅಂಗಿಯ ತೋಳು ಮೊಣಕೈ ದಾಟುತ್ತಾ? ಮೇಲೆ ಏರಿಸು ನೋಡೋಣ."

ಏರಲಿಲ್ಲ. ಸೊಸೆಯ ಕಣ್ಣು ತುಂಬಿತು.

"ಕಟ್ಟಲಿಲ್ಲ ಅತ್ತೆ. ಮಾತ್ರೆ ಕೊಟ್ಟು ಮುಂದಿನವರನ್ನ ಕರೆದ್ರು. ಹೆರಿಗೆಗೂ ಅಲ್ಲಿಗೇ ಹೋಗ್ಬೇಕಲ್ವಾ? ನಾನು ದೂರು ಹೇಳ್ದೆ ಅಂತ ಗೊತ್ತಾದ್ರೆ ಅವತ್ತು ನನ್ನ ಯಾರು ನೋಡ್ತಾರೆ?"

ಬಂದವಳು ಪೆನ್ನು ಕೆಳಗಿಟ್ಟಳು. "ಅಮ್ಮ, ಅಂಗಿ ಹೊಲಿದಾಗ್ಲೇ ಇಷ್ಟು ಬಿಗಿ ಇತ್ತಾ?"

"ಎಲ್ಲಾದ್ರೂ ಉಂಟಾ! ಮೊನ್ನೆ ಮೊನ್ನೆ ಸಡಿಲವಾಗೇ ಹೊಲಿದಿದ್ದೆ. ಎಲ್ಲೋ ನನ್ನ ಕತ್ತರಿ ತಪ್ಪಿರ್ಬೇಕು ಅಂತ…"

ಹೇಳುತ್ತಿದ್ದಂತೆ ದರ್ಜಿಯಮ್ಮ ಸೊಸೆಯ ಕೈ ಹಿಡಿದು ನೋಡಿದಳು. ಕತ್ತರಿ ತಪ್ಪಿರಲಿಲ್ಲ. ಸೊಸೆಯ ಕೈ ಊದಿಕೊಂಡಿತ್ತು. ಅಯ್ಯೋ, ಊರವರ ಮೇಲೆಲ್ಲ ಅನುಮಾನ ಪಟ್ಟವಳಿಗೆ ಕಣ್ಣೆದುರಿನ ಈ ಕೈ ಕಾಣಲಿಲ್ಲವಲ್ಲ!

"ತಲೆನೋವಿದೆಯೇನಮ್ಮ?" ಬಂದವಳು ಕೇಳಿದಳು.

"ನಿನ್ನೆಯಿಂದ ಜಾಸ್ತಿ ಇದೆ. ಕಣ್ಣೂ ಮಂಜು ಮಂಜು."

"ಏಳಿ, ಈಗ್ಲೇ ಹೋಗೋಣ. ಬಿಪಿ ಏರಿದ್ರೆ ಹೀಗಾಗುತ್ತೆ. ಹಾಗೇ ಬಿಟ್ರೆ ಫಿಟ್ಸ್ ಬರ್ಬಹುದು. ತಾಯಿಗೂ ಅಪಾಯ, ಮಗುವಿಗೂ ಅಪಾಯ."

ಕ್ಲಿನಿಕ್ಕಿನಲ್ಲಿ ದರ್ಜಿಯಮ್ಮ ನರ್ಸಮ್ಮನ ಮೇಲೆ ಹರಿಹಾಯ್ದಳು. ನರ್ಸಮ್ಮನೂ ಸುಮ್ಮನಿರಲಿಲ್ಲ.

"ಪಟ್ಟಿ ಗಾಳಿ ಹಿಡಿಯಲ್ಲಮ್ಮ! ಹೊಸದು ಕೊಡಿ ಅಂತ ಕೇಳಿ ಕೇಳಿ ನನ್ನ ಬಾಯಿ ಬತ್ತಿಹೋಯ್ತು. ವಿಚಾರಿಸೋಕೆ ಬಂದವರಿಗೆ ನೀವೆಲ್ಲಾ ಚೆನ್ನಾಗಿದೆ ಅಂತೀರಿ. ಮತ್ತೆ ಮೇಲಿನವರು ಹೊಸ ಪಟ್ಟಿ ಯಾಕೆ ಕಳಿಸ್ತಾರೆ?"

"ಕೆಟ್ಟಿದೆ ಅಂತ ನಮಗೊಂದು ಮಾತು ಹೇಳೋಕೆ ನಿಮಗೇನಾಗಿತ್ತು? ಬೇರೆ ಕಡೆ ಕರ್ಕೊಂಡು ಹೋಗ್ತಿದ್ವಲ್ಲ!"

ನರ್ಸಮ್ಮ ಓಡಿಹೋಗಿ ಡಾಕ್ಟರ ಕೋಣೆಯಿಂದ ಅವರ ಸ್ವಂತ ಬಿಪಿ ಯಂತ್ರ ತಂದಳು. ಅಂಗಿಯ ತೋಳು ಏರದ್ದರಿಂದ ದರ್ಜಿಯಮ್ಮ ಕತ್ತರಿ ಇಸಿದುಕೊಂಡು ತಾನೇ ಹಾಕಿದ ಹೊಲಿಗೆಯನ್ನು ತಾನೇ ಕತ್ತರಿಸಿದಳು. ಬಿಪಿ ವಿಪರೀತ ಏರಿತ್ತು. ಆ ಗಳಿಗೆಯಲ್ಲೇ ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು.

ದಿನ ತುಂಬುವ ಮೊದಲೇ ಹೆರಿಗೆಯಾಯ್ತು, ತಾಯಿ ಉಳಿದಳು. ಮಗು ತುಸು ಸಣ್ಣದು, ಆದರೆ ಅತ್ತರೆ ಬೀದಿಗೆಲ್ಲ ಕೇಳಿಸುತ್ತದೆ. ಚೀಲದ ಹೆಂಗಸು ಮತ್ತೆ ಬಂದಾಗ ದರ್ಜಿಯಮ್ಮ ಕುರ್ಚಿ ಎಳೆದು ಹಾಕಿದಳು.

"ಕೂತ್ಕೊಳ್ಳಿ. ಹೊಸ ಪಟ್ಟಿ ಬಂದಿದೆ, ಕಟ್ತಾರೆ, ನಾನೇ ಹೋಗಿ ನೋಡ್ಕೊಂಡು ಬಂದೆ. ಆದ್ರೆ ಮೂತ್ರ ಪರೀಕ್ಷೆ ಇನ್ನೂ ಆಗ್ತಿಲ್ಲ. ಬರ್ಕೊಳ್ಳಿ. ಬೇಕಾದ್ರೆ ನನ್ನ ಹೆಸರನ್ನೂ ಬರ್ಕೊಳ್ಳಿ."

ಓದುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ಮನೆಯ ಗಂಡಸರೇ, ನಿಮಗೂ ಅನುಮಾನವಿದೆಯೇ? ಇರಲಿ, ಆದರೆ ಹೊಟ್ಟೆಯೊಳಗೆ ಇಟ್ಟುಕೊಳ್ಳಬೇಡಿ. ಕ್ಲಿನಿಕ್ಕಿಗೆ ಹೋದಾಗಲೆಲ್ಲ ಬಾಯಿಬಿಟ್ಟು ಕೇಳಿ: ಬಿಪಿ ಎಷ್ಟಿದೆ, ರಕ್ತ ಮತ್ತು ಮೂತ್ರ ನೋಡಿದಿರಾ, ಮಗುವಿನ ಎದೆಬಡಿತ ಹೇಗಿದೆ, ಏನಾದರೆ ಓಡಿ ಬರಬೇಕು? ಕೈ ಮುಖ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ನಾಳೆಗೆ ಕಾಯಬೇಡಿ. ವಿಚಾರಿಸಲು ಬಂದವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ನೀವು ಸುಮ್ಮನೆ ಚೆನ್ನಾಗಿದೆ ಅಂದುಬಿಟ್ಟರೆ, ನಿಮ್ಮ ನಂತರ ಆ ಬೆಂಚಿನ ಮೇಲೆ ಕೂರುವ ಬಸುರಿಯ ತೋಳಿಗೂ ಯಾರೂ ಪಟ್ಟಿ ಕಟ್ಟುವುದಿಲ್ಲ.