ಬುಟ್ಟಿಯ ನೀರು ಬುಟ್ಟಿಗೇ

ಸಾವಳಗಿಯಲ್ಲಿ ಬೇಸಿಗೆ ಬಂತೆಂದರೆ ಬಾವಿ ದೂರ, ಕೊಡ ಭಾರ. ಕಾಗದದ ಬುಟ್ಟಿ ಮಾಡುವ ತಂಗೆವ್ವನಿಗೆ ನೀರು ಇನ್ನೂ ಹೆಚ್ಚು ಬೇಕಾಗುತ್ತಿತ್ತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಜಮಖಂಡಿಯಲ್ಲಿ ಹಳೆಯ ಕಾಗದದ ರದ್ದಿ ಬೇಕಾದಷ್ಟು ಸಿಗುತ್ತಿತ್ತು. ಅದನ್ನು ನೆನೆಸಿ, ರುಬ್ಬಿ, ಹಿಂಡಿ, ಬೋರಲು ಹಾಕಿದ ಗಡಿಗೆಗೆ ಮೆತ್ತಿ ಬುಟ್ಟಿ ಮಾಡುತ್ತಿದ್ದಳು. ಬನಹಟ್ಟಿಯ ನೇಕಾರರು ನೂಲು ಸುತ್ತಿದ ಕಂಡಿಕೆ ಇಡಲು ಒಯ್ಯುತ್ತಿದ್ದರು. ಹುಳು ಹಿಡಿಯದಿರಲೆಂದು ಕಾಗದದ ಮುದ್ದೆಗೆ ಮೆಂತೆಹಿಟ್ಟಿನ ಜೊತೆ ಮೈಲುತುತ್ತದ ನೀಲಿ ಪುಡಿಯೂ ಬೀಳುತ್ತಿತ್ತು.

ಒಂದು ದಿನ ಹಿಂಡಿದ ನೀರು ಚೆಲ್ಲಲು ಅವಳಿಗೆ ಮನಸ್ಸಾಗಲಿಲ್ಲ. ಮೆಂತೆಯ ನೀರು, ತಂಪು ಎಂದುಕೊಂಡು ಕುರಿಗಳು ನೀರು ಕುಡಿಯುವ ಕಲ್ಲಿನ ದೋಣಿಗೆ ಸುರುವಿದಳು. ಬೀರೇಶ್ವರ ದೇವರಿಗೆ ಬಿಟ್ಟ ಟಗರು ಅದನ್ನು ಕುಡಿದು, ಉಚ್ಚಿಕೊಂಡು, ಕಾಲು ಚಾಚಿ ಸತ್ತಿತು.

ಗಂಡ ಅಪ್ಪಾಸಾಬ ಕೆಂಡವಾದ. “ದೇವರ ಟಗರನ್ನ ತಿಂತಲ್ಲ ನಿನ್ನ ಬುಟ್ಟಿ! ಇನ್ನ ಮುದ್ದಿ ಮುಟ್ಟಿದಿ ಅಂದ್ರ ಗಡಿಗಿ ಒಡದು ಹಾಕತೇನಿ, ನೋಡು!”

ತನ್ನದೆಂದು ಹೇಳಿಕೊಳ್ಳಲು ತಂಗೆವ್ವನಿಗಿದ್ದ ಕಸುಬು ಅದೊಂದೇ. ಹೆಂಗಸರಿಗೆ ಕಸುಬು ಕಲಿಸುವ ಮಹಿಳಾ ಮಂಡಳದ ತುಳಸಾಬಾಯಿ ಊರಿಗೆ ಬಂದಾಗ, ಟಗರು ಸತ್ತದ್ದು ಹೇಳಿ ಮನೆಗೆ ಕರೆತಂದಳು.

“ಮೈಲುತುತ್ತ ಹಾಕ್ತೀಯೇನವ್ವಾ?” ಎಂದು ಅವರು ಕೇಳಿದರು.

“ಹೂಂನ್ರಿ ಬಾಯಾರ, ಚಿಟಿಗಿಯಷ್ಟು.”

“ಅದು ಕುರಿಗೆ ವಿಷ ಅದ. ತಪ್ಪು ಬುಟ್ಟೀದಲ್ಲ, ನೀರು ಹೋದ ದಾರೀದು.”

“ಹಂಗಾರ ಹಳ್ಳಕ್ಕ ಚೆಲ್ಲೂಣು, ಮುಗೀತು,” ಎಂದ ಅಪ್ಪಾಸಾಬ.

“ಹಳ್ಳದಾಗ ಮಂದೀ ಕುರಿ ನೀರು ಕುಡ್ಯೂದಿಲ್ಲೇನೋ? ನಿನ್ನವಷ್ಟ ಉಳದ್ರ ಆತೇನು?”

ಅಪ್ಪಾಸಾಬ ರುಮಾಲು ಸರಿಸಿ ತಲೆ ಕೆರೆದುಕೊಂಡ.

ತುಳಸಾಬಾಯಿಯವರು ದಾರಿ ತೋರಿಸಿದರು. ಹಿಂಡಿದ ನೀರನ್ನು ಅಗಲ ಬಾಯಿಯ ಮಣ್ಣಿನ ಬಾನಿಯಲ್ಲಿ ಒಂದು ರಾತ್ರಿ ಅಲುಗಿಸದೆ ಬಿಡಬೇಕು. ಮೇಲಿನ ತಿಳಿಯನ್ನು ತಳದಲ್ಲಿ ತೂತಿರುವ ಗಡಿಗೆಗೆ ಸುರಿಯಬೇಕು. ಅದರಲ್ಲಿ ಕೆಳಗೆ ಹರಳುಗಲ್ಲು, ನಡುವೆ ಇದ್ದಿಲು, ಮೇಲೆ ತೊಳೆದ ಉಸುಕು. ಇಳಿದ ನೀರಿನಲ್ಲೇ ಮುಂದಿನ ಕಾಗದ ನೆನೆಸಬೇಕು. ಬಾನಿಯ ತಳದ ಗಸಿಯನ್ನು ಬಟ್ಟೆಯಲ್ಲಿ ಸೋಸಿ ಮುದ್ದೆಗೇ ಸೇರಿಸಬೇಕು. ನೀರಿನಲ್ಲಿ ಮೈಲುತುತ್ತ ಉಳಿದಿರುತ್ತದೆ, ಹೊಸದಾಗಿ ಹಾಕುವುದು ಕಡಿಮೆ ಸಾಕು.

ಮರುದಿನ ಇಳಿದ ನೀರು ನೋಡಿ ಅಪ್ಪಾಸಾಬ ಬೆರಗಾದ. “ಏ, ಹೊಳಿ ನೀರಿನಂಗ ಆತಲ್ಲೇ! ತಾ, ಕುರಿಗಿ ಹಾಕತೇನಿ.” ಕೊಡ ಎತ್ತಿಯೇಬಿಟ್ಟ.

ತಂಗೆವ್ವ ದೋಣಿಗೆ ಅಡ್ಡ ನಿಂತಳು. “ಇಡ್ರಿ ಕೆಳಗ! ಕಣ್ಣಿಗಷ್ಟ ತಿಳಿ ಆಗೈತಿ, ವಿಷ ಎಲ್ಲಿ ಹೋಗೈತಿ? ಬುಟ್ಟಿ ನೀರು ಬುಟ್ಟಿಗೇ!”

ಅಪ್ಪಾಸಾಬ ಕೊಡ ಇಳಿಸಿದ. ಕುರಿಗಳು ಬಾಯಿ ಹಾಕದಂತೆ ತಾನೇ ಬಾನಿಯ ಸುತ್ತ ಜಾಲಿಯ ಮುಳ್ಳಿನ ಬೇಲಿ ಹಾಕಿದ. ಆಮೇಲೆ ಮೆಲ್ಲಗೆ ಕೇಳಿದ: “ನಾಳಿ ಎಷ್ಟು ಬುಟ್ಟಿ ಮೆತ್ತತಿ?”

ಬುಟ್ಟಿ ಮಾಡುವ ಅಕ್ಕತಂಗಿಯರೇ, ಹಿಂಡಿದ ನೀರನ್ನು ದೋಣಿಗೂ ಹಳ್ಳಕ್ಕೂ ಬಾವಿಯ ಬದಿಗೂ ಬಿಡಬೇಡಿರಿ. ತಿಳಿಯಾಗಿಸಿ, ಸೋಸಿ, ಮತ್ತೆ ಅದೇ ಕೆಲಸಕ್ಕೆ ಬಳಸಿರಿ; ಬಾವಿಯ ತಿರುಗಾಟವೂ ಕಡಿಮೆಯಾದೀತು. ಎಷ್ಟೇ ತಿಳಿಯಾದರೂ ಅದನ್ನು ಯಾವ ಜೀವಕ್ಕೂ ಕುಡಿಸಬೇಡಿರಿ. ಮಾತು ಬಾರದ ಪ್ರಾಣಿ ನಮ್ಮ ಕೈ ನಂಬಿಯೇ ನೀರಿಗೆ ಬಾಯಿ ಹಾಕುತ್ತದೆ.