ದುಗ್ಗಮ್ಮ ಕೇಳಿದ ಪ್ರಾರ್ಥನೆ

ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವುದಿದ್ದರೆ ಲಾರಿ ಡ್ರೈವರ್ ಎಲಿಯನೇ ಹೇಳಬೇಕು. ತನ್ನಂಥ ಕುಡುಕನನ್ನು ಕರ್ತನು ಕೆಸರಿನಿಂದ ಎತ್ತಿದ ಕಥೆ ಅವನು ಶುರು ಮಾಡಿದನೆಂದರೆ, ಪುತ್ತೂರಿನ ಆ ಪುಟ್ಟ ಕ್ರೈಸ್ತ ದೇವಾಲಯದಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಶರಾಬು ಬಿಟ್ಟದ್ದು, ಹೆಂಡತಿ ಸಲೋಮಿಗೆ ಹೊಡೆಯುವುದನ್ನು ಬಿಟ್ಟದ್ದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಸಂಪಾಜೆಯ ತಿರುವಿನ ಸಂಗತಿಯೊಂದನ್ನು ಮಾತ್ರ ನುಂಗುತ್ತಿದ್ದ. ಅದನ್ನು ಕರ್ತನಿಗೆ ಹೇಳಿಯಾಗಿತ್ತು, ಕರ್ತನು ಕ್ಷಮಿಸಿಯೂ ಆಗಿತ್ತು. ಇನ್ನು ಮನುಷ್ಯರಿಗೆ ಯಾಕೆ?

ಸಂಗತಿ ಇಷ್ಟು. ಐವತ್ತಾರನೇ ಇಸವಿಯಲ್ಲಿ ಎಲಿಯ ಕುಡಿದು ಘಟ್ಟ ಇಳಿಯುತ್ತಾ ಸಂಪಾಜೆಯ ಡೊಂಬಯ್ಯ ಎಂಬವನ ಮೇಲೆ ಲಾರಿ ಹತ್ತಿಸಿದ. ಡೊಂಬಯ್ಯ ಅಲ್ಲೇ ಸತ್ತ. ಪೊಲೀಸರು ಬರುವ ಮೊದಲು ಎಲಿಯ ತನ್ನ ಕ್ಲೀನರ್ ಕುಕ್ಕಪ್ಪನ ಕಾಲು ಹಿಡಿದ.

"ನನಗೆ ಮೂರು ಮಕ್ಕಳುಂಟು ಮಾರಾಯ. ಲಾರಿ ಬಿಟ್ಟದ್ದು ನೀನು ಅಂತ ಹೇಳು."

ಕುಕ್ಕಪ್ಪ ಹೇಳಿಯೇ ಬಿಟ್ಟ. ಮೂವತ್ತು ವರ್ಷದ ಗಂಡಸಿಗೆ ಅಷ್ಟೂ ಬುದ್ಧಿ ಬೇಡವೇ? ಎರಡು ವರ್ಷದ ಶಿಕ್ಷೆಯಾಯಿತು. ಅವನು ಜೈಲು ಸೇರಿದ ಮೂರನೇ ತಿಂಗಳಿಗೆ ಎಲಿಯ ಪಶ್ಚಾತ್ತಾಪಪಟ್ಟು ಅತ್ತು ಹೊಸ ಮನುಷ್ಯನಾದ. ಆರನೇ ತಿಂಗಳಿಗೆ ಕುಕ್ಕಪ್ಪ ಕಾಮಾಲೆಯಿಂದ ಜೈಲಿನಲ್ಲೇ ತೀರಿಕೊಂಡ.

ಏಳು ವರ್ಷ ಕಳೆಯಿತು. ಬರುವ ಆದಿತ್ಯವಾರ ಎಲಿಯನನ್ನು ಸಭೆಯ ಹಿರಿಯನನ್ನಾಗಿ ನೇಮಿಸುವುದಿತ್ತು. ಗುರುವಾರ ಮಧ್ಯಾಹ್ನ ಮುದುಕಿಯೊಬ್ಬಳು ಬಿಸಿಲಲ್ಲಿ ಬೆವರುತ್ತಾ ಅವನ ಜಗಲಿಗೆ ಬಂದು ಕೂತಳು.

"ಗುರ್ತ ಸಿಕ್ಕಿತಾ ಡ್ರೈವರೆ? ನಾನು ದುಗ್ಗಮ್ಮ. ಕುಕ್ಕಪ್ಪನ ಅಮ್ಮ."

ಎಲಿಯನ ಜೀವ ಬಾಯಿಗೆ ಬಂತು. ಏನೂ ಅರಿಯದ ಸಲೋಮಿ ಬೆಲ್ಲ, ನೀರು ತಂದಿಟ್ಟಳು.

"ನಿಮ್ಮ ದೇವರು ಎಂಥ ಪಾಪವನ್ನೂ ತೊಳೀತಾನಂತೆ. ಬಸ್ಸಿನಲ್ಲಿ ಯಾರೋ ಹೇಳ್ತಾ ಇದ್ರು," ಎಂದಳು ದುಗ್ಗಮ್ಮ. "ಡೊಂಬಯ್ಯನ ಮನೆ ನಮ್ಮ ಪಕ್ಕದಲ್ಲೇ ಉಂಟು. ಅವನ ಹೆಂಡತಿ ದಮಯಂತಿ ಇವತ್ತಿಗೂ ನನ್ನ ಮುಖ ನೋಡುದಿಲ್ಲ. ಮಗ ಸತ್ತಾಗ ಬೊಜ್ಜದ ಊಟಕ್ಕೆ ಒಂದು ನರಪಿಳ್ಳೆ ಬರ್ಲಿಲ್ಲ, ಹಾಸಿದ ಎಲೆ ಹಾಗೇ ಬಾಡಿತು. ಸತ್ತ ಮೇಲಾದ್ರೂ ಅವನ ಪಾಪ ಹೋಗ್ಲಿ. ಒಂದು ಪ್ರಾರ್ಥನೆ ಮಾಡಿ ಡ್ರೈವರೆ."

ಎಲಿಯ ಕಣ್ಣು ಮುಚ್ಚಿದ. ಪ್ರಾರ್ಥನೆಗೆ ಅವನು ತಡವರಿಸಿದವನೇ ಅಲ್ಲ. "ಕರ್ತನೇ, ಈ ಕುಕ್ಕಪ್ಪನು ಮಾಡಿದ ಪಾಪವನ್ನು..." ಅಷ್ಟಕ್ಕೇ ನಾಲಿಗೆ ನಿಂತಿತು. ಥೂ, ಎಂಥ ಬಾಳು ಇದು! ದೇವರ ಕೃಪೆಯನ್ನು ತಲೆದಿಂಬು ಮಾಡಿಕೊಂಡು ಏಳು ವರ್ಷ ಹಾಯಾಗಿ ಮಲಗಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಕುಕ್ಕಪ್ಪ ಅಲ್ಲ ಅಕ್ಕ," ಎಂದ. "ಲಾರಿ ಬಿಟ್ಟದ್ದು ನಾನು."

ಸಲೋಮಿ ಬಾಗಿಲಲ್ಲೇ ಕುಸಿದು ಕೂತಳು. ದುಗ್ಗಮ್ಮ ಅಳಲಿಲ್ಲ.

"ನಿಮ್ಮನ್ನು ದೇವರು ಕ್ಷಮಿಸಿ ಆಯ್ತಾ?"

"ಹೌದು ಅಕ್ಕ."

"ಯಾವಾಗ?"

"ಅದೇ ವರ್ಷ."

"ಆಗ ನನ್ನ ಮಗ ಬದುಕಿದ್ನಾ?"

ಎಲಿಯ ಹೌದೆಂದು ತಲೆಯಾಡಿಸಿದ.

"ದೇವರು ಕ್ಷಮಿಸಿದ ಮರುದಿನ ಎಂತ ಮಾಡಿದ್ರಿ?"

"ಮಡಿಕೇರಿಗೆ ಲೋಡು ಕೊಂಡೋದೆ."

"ನಮ್ಮ ಮನೆ ಎದುರಿಂದಲೇ ಹೋದ್ರಿ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಮೆಲ್ಲ ಎದ್ದಳು. "ಬನ್ನಿ. ದಮಯಂತಿಯ ಎದುರು ಹೇಳಿ."

ಎಲಿಯನ ಕಣ್ಣೆದುರು ಜೈಲು, ಸಭೆ, ಮಕ್ಕಳು ಎಲ್ಲ ಒಟ್ಟಿಗೆ ಬಂದವು. "ಬರ್ತೇನೆ ಅಕ್ಕ," ಎಂದ. "ಈ ಆದಿತ್ಯವಾರವೊಂದು ಕಳೀಲಿ."

"ನನ್ನ ಮಗನಿಗೆ ಯಾವ ಆದಿತ್ಯವಾರ ಉಂಟು ಡ್ರೈವರೆ?"

ಅವನು ಮೊಳೆಯಲ್ಲಿದ್ದ ಅಂಗಿ ತೆಗೆದು ಹಾಕಿಕೊಂಡ. ಸಲೋಮಿ ತಡೆಯಲಿಲ್ಲ. ಬಸ್ಸಿನಲ್ಲಿ ದುಗ್ಗಮ್ಮ ಅವನ ಪಕ್ಕ ಕೂರಲಿಲ್ಲ.

ಸಂಪಾಜೆಯಲ್ಲಿ ದಮಯಂತಿ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ದುಗ್ಗಮ್ಮನನ್ನು ಕಂಡದ್ದೇ ಮುಖ ತಿರುಗಿಸಿ ಒಳಗೆ ಹೊರಟಳು.

"ನಿಲ್ಲು ಮಗಾ," ಎಂದಳು ದುಗ್ಗಮ್ಮ. ಈಗ ಅವಳ ಸ್ವರ ಒಡೆಯಿತು. "ನನ್ನ ಕುಕ್ಕಪ್ಪ ಅಲ್ವಂತೆ."

ದಮಯಂತಿ ಒದ್ದೆ ಬಟ್ಟೆ ಹಿಡಿದುಕೊಂಡೇ ತಿರುಗಿ ಎಲಿಯನನ್ನು ನೋಡಿದಳು. "ಮತ್ತೆ ಯಾರು?" ಎಂದು ಕೇಳಿದಳು.